ಎಂಟು ಇಲ್ಲದ ಸಂಖ್ಯೆ

ಹೆಣ್ಣು ನೋಡಲು ಬಂದವರು ಹಾಡು ಹೇಳಿಸುವುದು, ರಂಗೋಲಿ ಹಾಕಿಸುವುದು, ನಡೆಸಿ ನೋಡುವುದು, ಜಡೆ ಮುಟ್ಟಿ ಚೌರಿಯೋ ಸ್ವಂತದ್ದೋ ಎಂದು ಪರೀಕ್ಷಿಸುವುದು ಎಲ್ಲ ನನಗೆ ಗೊತ್ತಿತ್ತು. ನನಗೇ ಅವೆಲ್ಲ ಆಗಿದ್ದವು. ಆದರೆ ಹುಡುಗಿಯ ಕೈಯಲ್ಲಿ ಗುಣಾಕಾರ ಮಾಡಿಸಿದ್ದನ್ನು ನಾನು ನೋಡಿದ್ದು ಒಂದೇ ಸಲ, ನಮ್ಮ ನಾದಿನಿಯನ್ನು ನೋಡಲು ಜಗಳೂರಿನವರು ಬಂದಾಗ.

ಆಗ ನಾವು ಚನ್ನಗಿರಿಯಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿದ್ದೆವು. ಮುಂದೆ ನಮ್ಮ ಯಜಮಾನರ ಸೈಕಲ್ ಶಾಪು, ಹಿಂದೆ ಮನೆ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಮನೆಯಲ್ಲಿ ಅತ್ತೆ, ನಾವಿಬ್ಬರು, ಆಗಷ್ಟೇ ಶಾಲೆಗೆ ಸೇರಿದ್ದ ನನ್ನ ಮಗಳು, ಮತ್ತೆ ಈ ನಾದಿನಿ. ಮಾವ ತೀರಿಕೊಂಡು ಕೆಲವು ವರ್ಷಗಳಾಗಿದ್ದವು.

ನಮ್ಮದು ಅನುಮಾನದ ಮನೆ. ಅತ್ತೆ ಹಾಲಿನವಳ ಎದುರಿಗೇ ಹಾಲಿಗೆ ಬೆರಳು ಅದ್ದಿ ನೋಡುವವರು. ಯಜಮಾನರು ಬಾಡಿಗೆಗೆ ಸೈಕಲ್ ಒಯ್ದವನ ಬೆನ್ನನ್ನು ಬೀದಿಯ ತಿರುವಿನವರೆಗೂ ನೋಡುತ್ತಾ ನಿಲ್ಲುವವರು. ನಾನು ಮದುವೆಯಾಗಿ ಬಂದ ಮೇಲೆ ಕಲಿತೆನೋ, ತವರಿನಿಂದಲೇ ತಂದೆನೋ, ತೊಗರಿಬೇಳೆ ಕೊಂಡರೆ ಪೊಟ್ಟಣದ ತಳದಿಂದ ಒಂದು ಹಿಡಿ ತೆಗೆದು ನೋಡದೆ ಡಬ್ಬಿಗೆ ಸುರಿದವಳಲ್ಲ.

ನಾದಿನಿ ಪಿಯುಸಿ ಮುಗಿಸಿ ಮನೆಯಲ್ಲಿದ್ದಳು. ಅವಳಿಗೆ ಟಿ.ಸಿ.ಎಚ್. ತರಬೇತಿ ಮಾಡಿ ಟೀಚರ್ ಆಗಬೇಕೆಂಬ ಆಸೆ. ಓದಿಸಿದ್ದು ಸಾಕು, ಇನ್ನು ಓದುವುದಿದ್ದರೆ ಗಂಡನ ಮನೆಯವರು ಓದಿಸಲಿ ಎಂದು ಅತ್ತೆ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು. ಹಾಗಾಗಿ ಬಂದ ಗಂಡುಗಳನ್ನೆಲ್ಲ ಅವಳು ಅಳೆಯುತ್ತಿದ್ದುದು ಅದೊಂದೇ ಅಳತೆಯಲ್ಲಿ. ಹಿಂದೊಮ್ಮೆ ಬಂದಿದ್ದ ಒಬ್ಬರ ಮನೆಯಲ್ಲಿ ಸೊಸೆಯಂದಿರು ಹೊಸ್ತಿಲು ದಾಟುವ ಪದ್ಧತಿಯಿಲ್ಲ ಎಂದು ಗೊತ್ತಾದಾಗ, ದಿನವೆಲ್ಲ ಗುನುಗುತ್ತಿದ್ದವಳು ಅವರೆದುರು ನನಗೆ ಹಾಡು ಬರುವುದಿಲ್ಲ ಎಂದು ಕೂತು ಆ ಸಂಬಂಧವನ್ನೇ ಕೆಡಿಸಿದ್ದಳು.

ಜಗಳೂರಿನ ಸಂಬಂಧ ತಂದವರು ದಾವಣಗೆರೆ ಬಸ್ಸುಗಳ ಏಜೆಂಟರೊಬ್ಬರು. ಹುಡುಗ ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರು. ಹುಡುಗಿಗೆ ಓದಲು ಇಷ್ಟವಿದ್ದರೆ ಮದುವೆಯಾದ ಮೇಲೂ ಓದಲಿ ಎಂದು ಅವನು ಏಜೆಂಟರ ಹತ್ತಿರ ಹೇಳಿದ್ದನಂತೆ. ಈ ಮಾತು ಶಾಪಿನಿಂದ ಒಳಗೆ ಬಂದ ದಿನ ನಾದಿನಿ ತಾನೇ ಹಿತ್ತಾಳೆ ಚೊಂಬಿಗೆ ಕೆಂಡ ತುಂಬಿಕೊಂಡು ಅಂಚಿನಿಂದ ಅಂಚಿಗೆ ಸೀರೆಗೆ ಇಸ್ತ್ರಿ ಮಾಡಿದಳು. ಹೆಣ್ಣು ನೋಡಲು ಬರುವವರಿಗೆಂದು ಅವಳು ಸೀರೆ ಇಸ್ತ್ರಿ ಮಾಡಿದ್ದು ಅದೇ ಮೊದಲು.

ಏಜೆಂಟರು ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದರು. ಹುಡುಗನಿಗೆ ತಂದೆ ಇಲ್ಲ. ಎಲ್ಲ ಅವನ ಸೋದರಮಾವನ ಮಾತಿನಂತೆ ನಡೆಯುತ್ತದೆ. ಆ ಮಾವ ಹೊನ್ನಾಳಿಯಲ್ಲಿರುವ ನಿವೃತ್ತ ಲೆಕ್ಕದ ಮೇಷ್ಟ್ರು. ಹುಡುಗನ ಅಣ್ಣನ ಮದುವೆಯಲ್ಲಿ ಹುಡುಗಿ ಎಸ್ಸೆಸ್ಸೆಲ್ಸಿ ಪಾಸು ಎಂದು ಹೇಳಿ ಕೊಟ್ಟಿದ್ದರಂತೆ. ತಾಳಿ ಕಟ್ಟಿದ ಮೇಲೆ ನೋಡಿದರೆ ಅವಳು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಅಂದಿನಿಂದ ಮೇಷ್ಟ್ರು ಯಾರ ಬಾಯಿಮಾತನ್ನೂ ನಂಬುವುದಿಲ್ಲ, ಹುಡುಗಿಯ ಕೈಯಲ್ಲಿ ಲೆಕ್ಕ ಮಾಡಿಸಿಯೇ ನೋಡುತ್ತಾರೆ ಎಂದರು.

ನಮ್ಮ ಕಡೆಯ ಹಿರಿಯರಾಗಿ ನ್ಯಾಮತಿಯಿಂದ ಚಿಕ್ಕಮಾವ ಬಂದರು. ಮಾವನ ತಮ್ಮ. ಮನೆಯಲ್ಲೆಲ್ಲ ಅನುಮಾನವಿಲ್ಲದ ಮನುಷ್ಯರೆಂದರೆ ಅವರೊಬ್ಬರೇ, ಬದಲಿಗೆ ಅವರಿಗೆ ಮರ್ಯಾದೆಯ ಹುಚ್ಚು. ಬಂದವರು ಇವತ್ತು ಸೋಮವಾರ ಎಂದರೆ ಮಂಗಳವಾರವಾಗಿದ್ದರೂ ಹೌದು ಹೌದು ಎನ್ನುವರು. ಬಂದವರ ತಪ್ಪು ಮುಚ್ಚುವುದೇ ಮನೆಯವರ ಧರ್ಮ ಎಂದು ನಮಗೂ ಹೇಳುತ್ತಿದ್ದರು.

ಜಗಳೂರಿನವರು ಬೆಳಗಿನ ಬಸ್ಸಿಗೆ ಬಂದರು. ಹುಡುಗ, ಅವನ ತಾಯಿ, ದಾವಣಗೆರೆಯಲ್ಲಿ ಅವರನ್ನು ಕೂಡಿಕೊಂಡ ಮೇಷ್ಟ್ರು. ಹುಡುಗನ ತಾಯಿ ಉಪ್ಪಿಟ್ಟು ತಿಂದರು, ಹುಡುಗ ಅರ್ಧ ತಿಂದ. ಮೇಷ್ಟ್ರು ತಟ್ಟೆಯ ಅಂಚಿನಿಂದ ಒಂದಿಷ್ಟು ಕೆದಕಿ, ಗೋಡೆಯ ಕ್ಯಾಲೆಂಡರು, ಕಿಟಕಿ, ಬಾಗಿಲ ಸಂದಿಯಲ್ಲಿ ನಿಂತಿದ್ದ ನನ್ನನ್ನು ಎಲ್ಲ ಒಂದೇ ನೋಟದಲ್ಲಿ ನೋಡಿದರು. ಇವರು ಬೇಡ ಎನ್ನಲು ಕಾರಣ ಹುಡುಕಲೆಂದೇ ಬಂದಿದ್ದಾರೆ ಎಂದು ನನಗೆ ಆಗಲೇ ಅನ್ನಿಸಿತು.

ನಾದಿನಿಯನ್ನು ಕೂರಿಸಿದ ಮೇಲೆ ಮೇಷ್ಟ್ರು ಒಂದರಿಂದ ಒಂಬತ್ತರೊಳಗೆ ಒಂದು ಅಂಕಿ ಹೇಳು ಎಂದರು. ಅವಳು ಐದು ಎಂದಳು. ಮೇಷ್ಟ್ರು ಸ್ಲೇಟು ಕೇಳಿದರು. ಮಗಳ ಸ್ಲೇಟು ಬಂತು. ಇಷ್ಟು ಗಂಡಸರ ಮುಂದೆ ಹೆಣ್ಣುಹುಡುಗಿ ಕೂತು ಲೆಕ್ಕ ಬರೆಯುವುದು ಬೇಡ, ಒಳಗೆ ಮಾಡಿ ಕಳಿಸುತ್ತಾಳೆ ಎಂದು ಅತ್ತೆ ಅಡ್ಡ ಬಂದು ಅವಳನ್ನು ಎಬ್ಬಿಸಿ ಕರೆದುಕೊಂಡು ಹೋದರು. ಮೇಷ್ಟ್ರಿಗೆ ಅದು ಹಿಡಿಸಲಿಲ್ಲ, ಹುಬ್ಬು ಮೇಲೇರಿತು. ಆದರೂ ಅಂಕಿಗಳನ್ನು ಒಂದೊಂದಾಗಿ ಹೇಳಿದರು, ಸ್ಲೇಟು ಹಿಡಿದಿದ್ದ ಚಿಕ್ಕಮಾವ ಬರೆದುಕೊಂಡರು. ಇದನ್ನು ನಲವತ್ತೈದರಿಂದ ಗುಣಿಸಲಿ ಎಂದರು. ಯಜಮಾನರು ಗಿರಾಕಿ ಕರೆದನೆಂದು ಶಾಪಿಗೆ ಹೋಗಿದ್ದರು, ನಾನು ಅಷ್ಟರಲ್ಲಿ ಒಳಗೆ ಬಂದು ಸೀಮೆಎಣ್ಣೆ ಸ್ಟೌವಿನ ಮೇಲೆ ಕೇಸರಿಬಾತು ತಿರುವುತ್ತಿದ್ದೆ. ಸ್ಟೌವಿನ ಭರ್ರೋ ಸದ್ದಿನಲ್ಲಿ ಒಂದು, ಎರಡು, ಮೂರು ಎಂಬಷ್ಟು ಕೇಳಿತೇ ಹೊರತು ಮುಂದಿನದು ಕಿವಿಗೆ ಬೀಳಲಿಲ್ಲ.

ನಾದಿನಿ ನಡುಮನೆಯಲ್ಲಿ ಅಕ್ಕಿ ಡಬ್ಬದ ಪಕ್ಕ ಕೂತು ಲೆಕ್ಕ ಮಾಡಿದಳು. ಸಣ್ಣ ಸ್ಲೇಟು, ದೊಡ್ಡ ಲೆಕ್ಕ. ಸಾಲು ಹಿಡಿಸದೆ ಒದ್ದೆ ಬೆರಳಲ್ಲಿ ಒರೆಸಿ ಒರೆಸಿ ಬರೆದಳು. ಮುಗಿದ ಮೇಲೆ ಎಲ್ಲ ಅಳಿಸಿ, ಚೊಕ್ಕಟವಾಗಿ ಉತ್ತರವೊಂದನ್ನೇ ದಪ್ಪಕ್ಕೆ ಬರೆದು ಕೊಟ್ಟಳು. ಅದನ್ನು ಹೊರಗೆ ಒಯ್ದವಳು ನಾನೇ. ೫೫೫೫೫೫೫೫೦೫. ಐನೂರ ಐವತ್ತೈದು ಕೋಟಿ ಐವತ್ತೈದು ಲಕ್ಷ ಐವತ್ತೈದು ಸಾವಿರದ ಐನೂರ ಐದು. ಎಷ್ಟು ಚೆಂದದ ಉತ್ತರ ಎಂದುಕೊಂಡೇ ಒಯ್ದೆ.

ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. ಸ್ಲೇಟನ್ನು ಬೆಳಕಿಗೆ ಹಿಡಿದು ಮತ್ತೆ ನೋಡಿದರು.

“ಇದನ್ನ ಯಾರು ಹೇಳಿಕೊಟ್ಟಿದ್ದು?” ಎಂದರು.

ಯಾರೂ ಇಲ್ಲ, ಅವಳೇ ಮಾಡಿದ್ದು ಎಂದೆ. ಮಾಡಿದ ಸಾಲುಗಳೆಲ್ಲಿ ಎಂದರು. ಅಳಿಸಿದಳು ಎಂದೆ. ಅವರು ತಲೆಯಾಡಿಸಿ ಸ್ಲೇಟನ್ನು ಬೆಂಚಿನ ಮೇಲೆ ಮಗುಚಿಟ್ಟರು. ಹೋಗುವಾಗ ತಟ್ಟೆಯಿಂದ ಒಂದೇ ಒಂದು ಎಲೆ ಎತ್ತಿಕೊಂಡು, ಅಡಿಕೆ ಮುಟ್ಟದೆ, ತಿಳಿಸುತ್ತೇವೆ ಎಂದು ಎದ್ದರು. ಹುಡುಗ ಒಮ್ಮೆ ನಡುಮನೆಯ ಬಾಗಿಲ ಕಡೆ ನೋಡಿದ, ಅಷ್ಟೇ.

ತಿಳಿಸಿದ್ದು ಏಜೆಂಟರ ಬಾಯಲ್ಲಿ. ಆ ಲೆಕ್ಕದ ಉತ್ತರ ಬರೀ ಐದುಗಳೇ ಬರಬೇಕಂತೆ, ಒಂಬತ್ತು ಐದು. ನಿಮ್ಮ ಹುಡುಗಿಯ ಉತ್ತರದಲ್ಲಿ ಐದುಗಳ ನಡುವೆ ಸೊನ್ನೆ ಇತ್ತು. ಗುಣಿಸುವಾಗ ತಪ್ಪಿದ್ದರೆ ಉತ್ತರ ಏನೇನೋ ಆಗಬೇಕಿತ್ತು. ಒಂದು ಸೊನ್ನೆ ಬಿಟ್ಟು ಮಿಕ್ಕಿದ್ದೆಲ್ಲ ಐದೇ ಹೇಗೆ ಬಂತು? ಮೇಷ್ಟ್ರು ಹುಡುಗಿಯರಿಗೆ ಇದೇ ಲೆಕ್ಕ ಕೊಡುತ್ತಾರೆ, ಹೇಳಿದ ಅಂಕಿಯೇ ಸಾಲಾಗಿ ಬರುತ್ತದೆ ಎಂದು ಯಾರೋ ಮೊದಲೇ ಕಿವಿಯೂದಿದ್ದಾರೆ. ಅವಳು ಲೆಕ್ಕ ಮಾಡೇ ಇಲ್ಲ, ಐದು ಬರೆಯುತ್ತಾ ಹೋಗಿ ಕೈತಪ್ಪಿ ಸೊನ್ನೆ ಹಾಕಿದ್ದಾಳೆ. ಹುಡುಗಿಯ ಮೇಲೆ ಬೇಸರವಿಲ್ಲ, ಆದರೆ ಇಂಥ ಮನೆ ನಮಗೆ ಬೇಡ ಎಂದಿದ್ದರು.

ಅವತ್ತಿನಿಂದ ಮನೆಯಲ್ಲಿ ಒಬ್ಬರ ಮುಖವನ್ನು ಇನ್ನೊಬ್ಬರು ನೆಟ್ಟಗೆ ನೋಡಲಿಲ್ಲ. ಯಜಮಾನರಿಗೆ ಏಜೆಂಟರ ಮೇಲೆ ಅನುಮಾನ: ಬೇರೆ ಯಾವುದೋ ಹೆಣ್ಣಿಗೆ ಈ ಗಂಡನ್ನು ತೋರಿಸಿ ನಮ್ಮದನ್ನು ಮುರಿದಿದ್ದಾನೆ. ಅತ್ತೆಗೆ ಮೇಷ್ಟ್ರ ಮೇಲೆ: ಬೇಡವಾಗಿತ್ತು, ನೆವ ಹುಡುಕಿದ. ಅತ್ತೆಗೆ ಸ್ವಲ್ಪ ನನ್ನ ಮೇಲೂ ಇತ್ತು. ಸ್ಲೇಟು ಒಯ್ದವಳು ನೀನಲ್ಲವೇ, ಸೆರಗು ತಾಗಿ ಅಳಿಸಿತೇನೋ ಎಂದು ಎರಡು ಮೂರು ಸಲ ಕೇಳಿದರು. ನನಗೆ ನಾದಿನಿಯ ಮೇಲೆ. ಹಾಡು ಬರುವುದಿಲ್ಲ ಎಂದವಳು ಬೇಕೆಂದೇ ಸೊನ್ನೆಯನ್ನೂ ಬರೆದಾಳು. ಹುಡುಗ ಅವಳಿಗೆ ಹಿಡಿಸಲಿಲ್ಲವೇನೋ.

ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ ಕೂತಿದ್ದಾಗ ಕೇಳಿಯೇಬಿಟ್ಟೆ. ಅವಳು ಮೊರದಿಂದ ಕಣ್ಣೆತ್ತಲಿಲ್ಲ.

“ನನಗೆ ಬೇಕು ಅನಿಸಿದ್ದೇ ಇದೊಂದು ಅತ್ತಿಗೆ. ಓದಿಸ್ತೀನಿ ಅಂದೋರು ಅವರೊಬ್ಬರೇ. ಅದನ್ನ ನಾನ್ಯಾಕೆ ಕೆಡಿಸ್ಕೊಳ್ಲಿ?”

ಮೊರ ಬದಿಗಿಟ್ಟು ಹಿತ್ತಲ ಬಂಡೆಗಲ್ಲಿನ ಮೇಲೆ ಇದ್ದಿಲಿನಲ್ಲಿ ಲೆಕ್ಕ ಹಾಕಿದಳು. ಸ್ಲೇಟಿನಲ್ಲಿದ್ದ ಸಂಖ್ಯೆ ಅವಳಿಗೆ ನೆನಪಿತ್ತು. ಅದರಲ್ಲಿ ನೆನಪಿಟ್ಟುಕೊಳ್ಳಲು ಏನಿದೆ, ಒಂದರಿಂದ ಒಂಬತ್ತರವರೆಗೆ ಸಾಲಾಗಿ ಬರೆದದ್ದು. ಹನ್ನೆರಡು ಕೋಟಿ ಮೂವತ್ತನಾಲ್ಕು ಲಕ್ಷ ಐವತ್ತಾರು ಸಾವಿರದ ಏಳುನೂರ ಎಂಬತ್ತೊಂಬತ್ತು. ಬಂಡೆ ದೊಡ್ಡದಿತ್ತು, ಒಂದು ಸಾಲನ್ನೂ ಅಳಿಸಬೇಕಾಗಲಿಲ್ಲ. ಮತ್ತದೇ ಉತ್ತರ, ಅದೇ ಜಾಗದಲ್ಲಿ ಸೊನ್ನೆ. ನಾನೂ ಪಕ್ಕದಲ್ಲಿ ಕೂತು ಬೇರೆಯಾಗಿ ಗುಣಿಸಿದೆ. ಎಂಟರ ಮಗ್ಗಿಯಲ್ಲಿ ಒಮ್ಮೆ ತಪ್ಪಿದರೂ ಕೊನೆಗೆ ನನಗೂ ಸೊನ್ನೆ ಅಲ್ಲೇ ಬಂತು.

ಅಂದರೆ ಸುಳ್ಳು ಹೇಳಿದ್ದು ಮೇಷ್ಟ್ರು. ನನ್ನ ಅನುಮಾನ ನಾದಿನಿಯ ಮೇಲಿಂದ ಎದ್ದು ನೇರವಾಗಿ ಹೊನ್ನಾಳಿಗೆ ಹೋಗಿ ಕೂತಿತು. ಯಜಮಾನರು ಮಾತ್ರ, ಜೀವಮಾನವೆಲ್ಲ ಲೆಕ್ಕ ಹೇಳಿಕೊಟ್ಟ ಮನುಷ್ಯನಿಗೆ ಒಂದು ಗುಣಾಕಾರ ಬರುವುದಿಲ್ಲವೇ, ಇದರಲ್ಲಿ ಏನೋ ಇದೆ ಎನ್ನುತ್ತಾ ಬಂಡೆಯ ಸುತ್ತ ಒಂದು ಸುತ್ತು ಹಾಕಿ ಶಾಪಿಗೆ ಹೋದರು.

ಆ ವಾರದ ಸಂತೆಗೆ ಚಿಕ್ಕಮಾವ ಬಂದರು. ಒಂದು ಚೀಲ ಅವರೆಕಾಯಿ ತಂದಿದ್ದರು. ಕಾಯಿ ಬಿಡಿಸುತ್ತಾ ಅತ್ತೆ ಎಲ್ಲ ಹೇಳಿದರು, ಮೇಷ್ಟ್ರ ಹುಟ್ಟನ್ನೂ ಸೇರಿಸಿ. ಚಿಕ್ಕಮಾವನಿಗೆ ಸಿಟ್ಟು ಬರಲಿಲ್ಲ, ಕನಿಕರ ಬಂತು.

“ಪಾಪ, ವಯಸ್ಸಾಗೈತೆ ಅವರಿಗೆ. ಅವತ್ತು ಅಂಕಿ ಹೇಳುವಾಗ್ಲೂ ಏಳಾದ ಮೇಲೆ ಒಂಬತ್ತು ಅಂದುಬಿಟ್ರು. ಎಂಟನ್ನೇ ಮರೆತಿದ್ರು. ನಾನೇ ಸೇರಿಸಿ ಬರೆದೆ.”

ನಾದಿನಿಯ ಕೈಯಲ್ಲಿ ಬಿಡಿಸಿದ ಕಾಳು ಹಾಗೇ ಉಳಿಯಿತು. ಅವರಿಗೆ ಹೇಳಲಿಲ್ಲವೇ ಎಂದು ಕೇಳಿದಳು.

“ಬೀಗರಾಗೋರ ಬಾಯಾಗಿನ ತಪ್ಪನ್ನ ಹತ್ತು ಜನರ ಮುಂದೆ ಎತ್ತಿ ತೋರಿಸ್ತಾರೇನವ್ವ? ಸುಮ್ನೆ ಸರಿ ಮಾಡಿದ್ರೆ ಆತು.”

ಅವಳು ಎದ್ದು ಹಿತ್ತಲಿಗೆ ಹೋದಳು. ನಾನು ಹಿಂದೆಯೇ ಹೋದೆ. ಬಂಡೆಯ ಮೇಲೆ ನೀರು ಸುರಿದು ತೊಳೆದು, ಒಣಗುವುದಕ್ಕೂ ಕಾಯದೆ ಎಂಟು ಬಿಟ್ಟು ಬರೆದಳು. ೧೨೩೪೫೬೭೯. ನಲವತ್ತೈದರಿಂದ ಗುಣಿಸಿದಳು. ಐದು, ಐದು, ಐದು ಎಂದು ಬಲದಿಂದ ಎಡಕ್ಕೆ ಬೀಳುತ್ತಾ ಹೋದವು. ಒಂಬತ್ತು ಐದು, ಬೇರೇನೂ ಇಲ್ಲ. ಒಂಬತ್ತರಿಂದ ಗುಣಿಸಿದರೆ ಬರೀ ಒಂದು. ಹದಿನೆಂಟರಿಂದ ಗುಣಿಸಿದರೆ ಬರೀ ಎರಡು. ಇಪ್ಪತ್ತೇಳರಿಂದ ಬರೀ ಮೂರು. ನನಗೆ ಅದೂ ಅನುಮಾನವೇ. ಸಾಲಿನಲ್ಲಿ ನಿಂತ ಒಂಬತ್ತು ಅಂಕಿಯಲ್ಲಿ ಎಂಟೊಂದನ್ನೇ ಹೊರಗೆ ಹಾಕಿದರೆ ಹೀಗಾಗುವುದೆಂದರೆ ಇದು ಕಣ್ಕಟ್ಟೇ ಇರಬೇಕು ಎಂದೆ.

ಅವಳಿಗೂ ಕಾರಣ ತಿಳಿಯದೆ ಸಮಾಧಾನವಾಗಲಿಲ್ಲ. ಸ್ವಲ್ಪ ಹೊತ್ತು ಕೂತು ಲೆಕ್ಕವನ್ನು ಹಿಂದುಮುಂದಾಗಿ ಮಾಡಿದಳು. ಒಂಬತ್ತು ಒಂದುಗಳನ್ನು ಸಾಲಾಗಿ ಬರೆದು ಒಂಬತ್ತರಿಂದ ಭಾಗಿಸಿದಳು. ಹನ್ನೊಂದರಲ್ಲಿ ಒಂಬತ್ತು ಒಂದು ಸಲ, ಉಳಿದದ್ದು ಎರಡು. ಪಕ್ಕದ ಒಂದು ಇಳಿದರೆ ಇಪ್ಪತ್ತೊಂದು: ಎರಡು ಸಲ, ಉಳಿದದ್ದು ಮೂರು. ಮೂವತ್ತೊಂದು: ಮೂರು ಸಲ, ಉಳಿದದ್ದು ನಾಲ್ಕು. ಹೀಗೇ ಮೆಟ್ಟಿಲು ಇಳಿದ ಹಾಗೆ ಎಪ್ಪತ್ತೊಂದಕ್ಕೆ ಬಂದಾಗ ಏಳು ಸಲ, ಉಳಿದದ್ದು ಎಂಟು. ಆ ಎಂಟರ ಪಕ್ಕಕ್ಕೆ ಕೊನೆಯ ಒಂದು ಇಳಿಯಿತು, ಎಂಬತ್ತೊಂದಾಯಿತು. ಎಂಬತ್ತೊಂದರಲ್ಲಿ ಒಂಬತ್ತು ಸರಿಯಾಗಿ ಒಂಬತ್ತು ಸಲ, ಉಳಿಯುವುದು ಏನೂ ಇಲ್ಲ. ಹಾಗಾಗಿ ಮೇಲೆ ಏಳರ ಪಕ್ಕ ಎಂಟು ಬರುವ ಬದಲು ಒಂಬತ್ತೇ ಬಂದು ಕೂತಿತು. ಒಂಬತ್ತರಿಂದ ಗುಣಿಸಿದರೆ ಒಂದುಗಳು ಬರುವುದಾದರೆ, ಅದರ ಐದರಷ್ಟಾದ ನಲವತ್ತೈದರಿಂದ ಗುಣಿಸಿದರೆ ಐದುಗಳು ಬರಲೇಬೇಕು. ಕಣ್ಕಟ್ಟು ಏನಿಲ್ಲ ಎಂದು ಒಪ್ಪಿಕೊಂಡೆ. ಆದರೂ ರಾತ್ರಿಯ ಸಾರಿಗೆ ಹುಣಸೆ ಕಿವುಚುವಾಗ ಬಾಯಲ್ಲೇ ಮತ್ತೊಮ್ಮೆ ಭಾಗಿಸಿ ನೋಡಿದೆ.

ಈಗ ಮೇಷ್ಟ್ರಿಗೆ ಹೇಳುವುದು ಹೇಗೆ? ಸರಿಯಾದ ಉತ್ತರ ಕಳಿಸೋಣ ಎಂದರು ಯಜಮಾನರು. ನಾದಿನಿ ಬೇಡ ಎಂದಳು.

“ಬರೀ ಐದು ಬರಬೇಕಿತ್ತು ಅಂತ ಅವರೇ ಹೇಳ್ಯಾರೆ. ಈಗ ಕಳಿಸಿದ್ರೆ ಯಾರು ನಂಬ್ತಾರಣ್ಣ? ಆ ಸೊನ್ನೆ ಐತಲ್ಲ, ಅದೇ ನಮ್ಮ ಸಾಕ್ಷಿ. ಎಂಟು ಸೇರಿಸಿ ಅವರೇ ಒಂದ್ಸಲ ಗುಣಿಸಲಿ. ಅವರಿಗೂ ಸೊನ್ನೆ ಅಲ್ಲೇ ಬರ್ತೈತೆ. ಕೇಳಿ ಬರೆದೋಳಿಗೆ ಅದು ಸರಿಯಾಗಿ ಅಲ್ಲೇ ಹೆಂಗೆ ಬೀಳುತ್ತೆ?”

ಇದನ್ನು ಹೇಳಬೇಕಾದವರು ಚಿಕ್ಕಮಾವ. ಅವರು ಕಿವಿ ಮುಚ್ಚಿಕೊಂಡರು. ನಿಮ್ಮ ಮಾತನ್ನು ನಾನು ತಪ್ಪೆಂದುಕೊಂಡು ತಿದ್ದಿದೆ ಎಂದು ಆ ಹಿರಿಯರ ಮನೆಗೇ ಹೋಗಿ ಹೇಳುವುದಕ್ಕಿಂತ ಬೇರೆ ಸಂಬಂಧ ಹುಡುಕುವುದು ವಾಸಿ ಎಂದರು. ಓದಿಸುವ ಸಂಬಂಧ ಇನ್ನೊಂದು ತರುತ್ತೀರಾ ಎಂದು ನಾದಿನಿ ಮೆಲ್ಲಗೆ ಕೇಳಿದಳು. ಅವರು ಅವರೆಕಾಯಿಯ ಸಿಪ್ಪೆಯನ್ನು ಒಂದೆಡೆ ಗುಡ್ಡೆ ಮಾಡಿ ಎದ್ದು, ನೀನೂ ಜೊತೆಗೆ ಬಾರವ್ವ ಎಂದು ನನಗೆ ಹೇಳಿದರು.

ಸಾಸ್ವೆಹಳ್ಳಿ ಮೇಲೆ ಹೋಗುವ ಬಸ್ಸಿನಲ್ಲಿ ಹೊನ್ನಾಳಿಗೆ ಹೋದೆವು. ದಾರಿಯುದ್ದಕ್ಕೂ ಚಿಕ್ಕಮಾವ ಮಾತು ಜೋಡಿಸುತ್ತಿದ್ದುದು ತುಟಿಯಲ್ಲಿ ಕಾಣುತ್ತಿತ್ತು. ಮೇಷ್ಟ್ರು ಬೆಲ್ಲ ನೀರು ಕೊಟ್ಟರು, ಆದರೆ ಬಂದ ಕಾರಣ ಕೇಳಲಿಲ್ಲ. ಚಿಕ್ಕಮಾವ ಹೇಗೋ ಹೇಳಿ ಮುಗಿಸಿದರು. ಮೇಷ್ಟ್ರು ನಮ್ಮಿಬ್ಬರ ಮುಖವನ್ನೂ ನೋಡಿದರು. ಇದು ಹೊಸ ಕಥೆ ಎಂಬುದು ಅವರ ಮುಖದಲ್ಲೇ ಬರೆದಿತ್ತು. ನಾನು ನಾದಿನಿ ಹೇಳಿಕೊಟ್ಟಂತೆ, ಎಂಟು ಸೇರಿಸಿ ನೀವೇ ಗುಣಿಸಿ ನೋಡಿ ರೀ ಎಂದೆ.

ಅವರು ಕಿಟಕಿಯ ಮೇಲಿದ್ದ ಸೀಮೆಸುಣ್ಣ ತೆಗೆದುಕೊಂಡು ಕೆಂಪು ಗಾರೆಯ ನೆಲದ ಮೇಲೆ ಕೂತರು. ಕೈ ಬಹಳ ಚುರುಕು. ಸೊನ್ನೆಯ ಜಾಗಕ್ಕೆ ಬಂದಾಗ ಸುಣ್ಣ ನಿಂತಿತು. ಮತ್ತೆ ಮೇಲಿಂದ ಕೂಡಿದರು. ಆಮೇಲೆ ಆ ಸೊನ್ನೆಯನ್ನು ಬರೆದರು, ನಿಧಾನವಾಗಿ.

“ಹಿಂಗೆ ನನ್ನ ಕೈಲೇ ಮಾಡಿಸು ಅಂತ ಹೇಳಿಕೊಟ್ಟೋರು ಯಾರು?” ಎಂದು ಕೇಳಿದರು.

ಹುಡುಗಿಯೇ ಎಂದೆ. ಅದನ್ನೂ ಅವರು ಪೂರ್ತಿ ನಂಬಲಿಲ್ಲ. ಸರಿ, ಇನ್ನೊಮ್ಮೆ ಬರುತ್ತೇನೆ, ಈ ಸಲ ನನ್ನೆದುರಿಗೇ ಕೂತು ಬೇರೆ ಲೆಕ್ಕ ಮಾಡಲಿ, ಸ್ಲೇಟು ಯಾರ ಕೈಯಿಂದಲೂ ಹಾದುಬರುವುದು ಬೇಡ ಎಂದರು. ಚಿಕ್ಕಮಾವ ಆಗಲಿ ಆಗಲಿ ಎಂದು ಕೈ ಮುಗಿದರು. ಕೆಲಸವಾಯಿತು ಎಂದು ನಾವು ಖುಷಿಯಲ್ಲೇ ಬಸ್ ಹತ್ತಿದೆವು.

ನಾದಿನಿ ಒಪ್ಪಲಿಲ್ಲ.

“ಒಂದ್ಸಲ ಸರಿ ಮಾಡಿದೀನಿ. ಕೊಟ್ಟಿದ್ದಕ್ಕೆ ಸರಿಯಾದ ಉತ್ತರನೇ ಕೊಟ್ಟಿದೀನಿ. ಇನ್ನೊಂದ್ಸಲ ಕೂರಲ್ಲ.”

ಅತ್ತೆ ಬೈದರು, ಅತ್ತರು. ಯಜಮಾನರು ಎರಡು ದಿನ ಅವಳ ಜೊತೆ ಮಾತು ಬಿಟ್ಟರು. ನಿನ್ನ ಓದು ನೀನೇ ಕಳೆದುಕೊಳ್ಳುತ್ತೀಯಲ್ಲ ಎಂದು ನಾನು ಹೇಳಿದೆ. ಇವತ್ತು ಕೂತರೆ ಅಲ್ಲಿ ಹೋದ ಮೇಲೂ ದಿನಾ ಕೂರಿಸುತ್ತಾರೆ, ಸಾರಿಗೆ ಹಾಕಿದ ಉಪ್ಪಿಗೂ ಲೆಕ್ಕ ಕೇಳುತ್ತಾರೆ ಎಂದಳು. ಏಜೆಂಟರು ಅವಳ ಮಾತನ್ನು ಹೊತ್ತುಕೊಂಡು ಹೋದಾಗ ಇದು ಮುಗಿದ ಕಥೆ ಎಂದೇ ಎಲ್ಲರೂ ಅಂದುಕೊಂಡೆವು.

ಮೇಷ್ಟ್ರಿಂದ ಬಂದ ಉತ್ತರ ಕೇಳಿ ಏಜೆಂಟರಿಗೇ ನಗು. ಹೇಳಿಸಿಕೊಂಡು ಬರೆಯುವ ಹುಡುಗಿಯಾಗಿದ್ದರೆ, ಯಾವ ಲೆಕ್ಕ ಕೊಡುತ್ತೀರಿ ಎಂದು ಏಜೆಂಟರ ಕೈಲಿ ಹೇಗಾದರೂ ವಿಚಾರಿಸಿಕೊಂಡು ಓಡಿ ಬಂದು ಕೂರುತ್ತಿದ್ದಳು. ಕೂರುವುದಿಲ್ಲ ಎನ್ನುವವಳು ತಾನೇ ಮಾಡಿದವಳು. ಎಲೆ ಅಡಿಕೆಗೆ ದಿನ ನೋಡಿ ಎಂದಿದ್ದರು. ಅನುಮಾನದ ಮನುಷ್ಯನನ್ನು ಒಪ್ಪಿಸಲು ಅನುಮಾನದ ದಾರಿಯೇ ಬೇಕಾಯಿತು ನೋಡಿ.

ಆದರೆ ನನಗೆ ಇನ್ನೊಂದು ಹುಳ ಹೊಕ್ಕಿತು. ಓದಲಿ ಎಂದದ್ದು ಹುಡುಗ, ಅದೂ ಏಜೆಂಟರ ಬಾಯಲ್ಲಿ. ಆ ಮನೆಯಲ್ಲಿ ನಡೆಯುವುದು ಮೇಷ್ಟ್ರ ಮಾತು. ಅವರು ಆ ವಿಷಯಕ್ಕೆ ಒಮ್ಮೆಯೂ ತುಟಿ ಬಿಚ್ಚಿರಲಿಲ್ಲ. ನಾದಿನಿಯೂ ಅದನ್ನೇ ಯೋಚಿಸುತ್ತಿದ್ದಳೆಂದು ಕಾಣುತ್ತದೆ. ಎಲೆ ಅಡಿಕೆಯ ದಿನ ಅವಳ ತಲೆಗೆ ಹೂ ಮುಡಿಸುವಾಗ, ಅತ್ತಿಗೆ, ಅವರ ಬಾಯಲ್ಲೇ ಒಂದು ಮಾತು ಹೇಳಿಸು ಎಂದಳು.

ಹೊರಗೆ ಎಲ್ಲ ಕೂತಿದ್ದರು. ತಟ್ಟೆ ಇನ್ನೇನು ಕೈ ಬದಲಾಗಬೇಕು. ನಾನು ಬಾಗಿಲ ಸಂದಿ ಬಿಟ್ಟು ಹೊಸ್ತಿಲಿಗೆ ಬಂದು, ನಮ್ಮ ಹುಡುಗಿಯ ಟಿ.ಸಿ.ಎಚ್. ವಿಷಯ ದೊಡ್ಡವರು ಎಲ್ಲರೆದುರು ಒಂದು ಮಾತು ಹೇಳಬೇಕು ಎಂದೆ. ಅತ್ತೆಯ ಕಣ್ಣು ನನ್ನನ್ನು ಅಲ್ಲೇ ಸುಟ್ಟಿತು. ಚಿಕ್ಕಮಾವ, ಅದೆಲ್ಲ ಹೇಳಬೇಕಾಗಿಲ್ಲ, ಅವರಿಗೆ ಗೊತ್ತಿಲ್ಲದ್ದೇನು ಎಂದು ನಡುವೆ ಬಂದರು.

ಮೇಷ್ಟ್ರು ಅವರನ್ನು ಕೈಯೆತ್ತಿ ತಡೆದರು.

“ನಮ್ಮ ಮೇಲೆ ನಂಬಿಕೆ ಇಲ್ವೇನಮ್ಮ?”

“ನಿಮಗೆ ನಮ್ಮ ಮೇಲೆ ಇತ್ತೇನ್ರೀ?” ಎಂದುಬಿಟ್ಟೆ.

ಹುಡುಗ ತಲೆ ತಗ್ಗಿಸಿ ನಕ್ಕಿದ್ದು ನನಗೆ ಕಾಣಿಸಿತು. ಮೇಷ್ಟ್ರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಬರುವ ಜೂನ್‌ಗೇ ಸೇರಿಸುತ್ತೇವೆ, ಶಿವಮೊಗ್ಗಕ್ಕೆ ನಾನೇ ಕರೆದುಕೊಂಡು ಹೋಗಿ ಸೇರಿಸುತ್ತೇನೆ ಎಂದರು. ಒಳಗೆ ನಡುಮನೆಯವರೆಗೆ ಕೇಳುವಷ್ಟು ಜೋರಾಗಿಯೇ ಹೇಳಿದರು. ಆಮೇಲೆ ತಟ್ಟೆ ಕೈ ಬದಲಾಯಿತು.

ಬೇಸಿಗೆಯಲ್ಲಿ ಮದುವೆಯಾಯಿತು. ಜೂನ್‌ನಲ್ಲಿ ಮೇಷ್ಟ್ರು ಅವಳನ್ನು ಕರೆದುಕೊಂಡು ಜಗಳೂರಿನಿಂದ ಬಂದು, ನಮ್ಮ ಮನೆಯಲ್ಲಿ ಊಟ ಮಾಡಿ, ಮಧ್ಯಾಹ್ನದ ಬಸ್ಸಿಗೆ ಹೊರಟರು. ಅವರು ಟ್ರಂಕನ್ನು ಮೇಲಕ್ಕೆ ಹಾಕಿಸುತ್ತಿದ್ದಾಗ, ಅವಳು ಕಿಟಕಿಯ ಪಕ್ಕ ಕೂತು ನನಗೆ ಹೋಗು ಅತ್ತಿಗೆ, ಬಿಸಿಲು ಎನ್ನುತ್ತಿದ್ದಳು. ನಾನು ಹೋಗಲಿಲ್ಲ. ಬಸ್ಸಿನ ಮುಂದಕ್ಕೆ ನಡೆದು ಬೋರ್ಡು ಓದಿದೆ. ಶಿವಮೊಗ್ಗ ಎಂದೇ ಇತ್ತು. ಆದರೂ ಕಂಡಕ್ಟರನನ್ನು ಒಂದು ಮಾತು ಕೇಳಿಕೊಂಡೇ ಮನೆಗೆ ಬಂದೆ.